ಬಳೆಗಾರ್ತಿ ತಂದ ಕನಸುಗಳು

ಪ್ರಾಣೇಶ ಮಾಸ್ತರರ ಧ್ವನಿ ಹೋದದ್ದು ೧೯೪೩ರ ಚಳಿಗಾಲದಲ್ಲಿ. ಮೊದಲು ಗಂಟಲು ಬೇನೆ ಎಂದರು, ಆಮೇಲೆ ಜ್ವರ ಬಂತು, ಜ್ವರ ಇಳಿಯುವ ಹೊತ್ತಿಗೆ ಮಾತು ಉಳಿದಿರಲಿಲ್ಲ. ರಾಯಚೂರಿನ ಡಾಕ್ಟರು ಬಾಯಿ ತೆರೆಸಿ ನೋಡಿ, ಜೀವಕ್ಕೆ ಭಯವಿಲ್ಲ, ಧ್ವನಿ ಮಾತ್ರ ತಿರುಗಿ ಬರುವುದು ಕಷ್ಟ ಎಂದು ಹೇಳಿ ಕಳಿಸಿದರು. ಮಾನ್ವಿಯ ಖಾಸಗಿ ಕನ್ನಡ ಶಾಲೆಯಲ್ಲಿ ಹದಿನೈದು ವರ್ಷ ಮಗ್ಗಿ, ಪದ್ಯ, ಭೂಗೋಳ ಹೇಳಿಕೊಟ್ಟವರು ಅವರು. ಶಾಲೆಯವರು ಮೂರು ತಿಂಗಳು ಕಾದರು. ಆಮೇಲೆ ಬಹಳ ಸಂಕೋಚಪಟ್ಟುಕೊಂಡೇ ಬೇರೆ ಮಾಸ್ತರರನ್ನು ಗೊತ್ತು ಮಾಡಿದರು. ಅವರದೇನೂ ತಪ್ಪಿರಲಿಲ್ಲ.

ಮನೆಯಲ್ಲಿ ಇದ್ದವರು ಗಂಡ ಹೆಂಡತಿ ಇಬ್ಬರೇ. ಹೆಂಡತಿ ಅಹಲ್ಯಾಬಾಯಿಗೆ ಆಗ ಇಪ್ಪತ್ತೆಂಟು. ರಾಯಚೂರಿನಲ್ಲಿ ಪೌರೋಹಿತ್ಯ ಮಾಡುತ್ತಿದ್ದ ಅವಳ ತಂದೆ, ಗಂಡುಮಕ್ಕಳಿಲ್ಲದ ಬೇಸರಕ್ಕೋ ಏನೋ, ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಓದು ಬರಹ ಕಲಿಸಿದ್ದರು. ಓಣಿಯ ಹೆಂಗಸರು ತವರಿಗೆ ಕಾಗದ ಬರೆಸಬೇಕಾದರೆ ಅವಳ ಹತ್ತಿರವೇ ಬರುತ್ತಿದ್ದರು. ಬರೆಯುತ್ತ ಕೂತರೆ ಅವಳಿಗೆ ಎಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು. ಒಲೆಯ ಮೇಲಿನ ಹಾಲು ಉಕ್ಕಿ ಬೂದಿಗೆ ಬಿದ್ದ ಮೇಲೆ ಎಚ್ಚರ.

ಈಗ ಆ ಬರಹವನ್ನೇ ನಂಬಿ ಹೊರಡಬೇಕಾಯಿತು. ಮಾಸ್ತರರು ಪಾಟಿಯ ಮೇಲೆ ಬಳಪದಿಂದ ಬರೆದು ತೋರಿಸಿದರು: ರಾಯಚೂರಿನಲ್ಲಿ ಹನುಮಂತ್ರಾಯರ ಛಾಪಖಾನೆ ಇದೆ, ಕೇಳಿ ನೋಡೋಣ. ಇಬ್ಬರೂ ಬಸ್ಸು ಹತ್ತಿ ಹೋದರು.

ಛಾಪಖಾನೆ ಕೋಟೆಯ ಗೋಡೆಯ ಮಗ್ಗುಲಿಗೆ ಇತ್ತು. ಹನುಮಂತ್ರಾಯರು ಅರಳೆ ಗಿರಣಿಗಳ ರಸೀದಿ, ಲಗ್ನಪತ್ರಿಕೆ, ಪಂಚಾಂಗ ಅಚ್ಚು ಹಾಕಿ ಬದುಕುವವರು. ಹೆಣ್ಣುಮಗಳೊಬ್ಬಳು ಬರೆಯುವ ಕೆಲಸ ಕೇಳಿಕೊಂಡು ಬಂದದ್ದು ಅವರಿಗೆ ಹೊಸದು. ಆದರೂ ನಗಲಿಲ್ಲ. ಅವಳ ಅಕ್ಷರ ನೋಡಿದರು, ಎರಡು ಪುಟ ಓದಿದರು. ತಮ್ಮ ಹತ್ತಿರ ಲಗ್ನಪತ್ರಿಕೆಗೆ ಪದ್ಯ ಬರೆಯುವ ಕೆಲಸ ಬಿಟ್ಟರೆ ಏನೂ ಇಲ್ಲ, ಅದೂ ವರ್ಷಕ್ಕೆ ನಾಲ್ಕು ತಿಂಗಳು ಎಂದರು. ನಿಜಾಮರ ಸೀಮೆಯಲ್ಲಿ ಕನ್ನಡ ಪತ್ರಿಕೆ ಹೊರಡಿಸುವುದು ಸುಲಭವಲ್ಲ, ಪರವಾನಗಿಗೇ ವರ್ಷಗಟ್ಟಲೆ ಓಡಾಡಬೇಕು ಎಂದೂ ಹೇಳಿದರು. ಆಮೇಲೆ ಕಾಗದದ ರಾಶಿಯೊಳಗೆ ಕೈ ಹಾಕಿ, ಧಾರವಾಡದಿಂದ ಬರುವ ಒಂದು ಮಾಸಪತ್ರಿಕೆಯ ಹಳೆಯ ಸಂಚಿಕೆ ಹುಡುಕಿ ಕೊಟ್ಟರು. ಅದರ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ, ಸ್ವೀಕರಿಸಿದ ಬರಹಗಳಿಗೆ ಯೋಗ್ಯ ಸಂಭಾವನೆ ಕೊಡಲಾಗುವುದು ಎಂದಿತ್ತು.

“ಇವರಿಗೆ ಬರೀರಿ. ಆದ್ರ ಅವರಿಗೆ ಏನು ಬೇಕಾಗ್ಯದ ಅಂತ ಮೊದಲು ತಿಳ್ಕೊಳ್ರಿ,” ಎಂದರು ಹನುಮಂತ್ರಾಯರು.

ಅಹಲ್ಯಾಬಾಯಿ ಆ ಸಂಚಿಕೆಯನ್ನು ಬಸ್ಸಿನಲ್ಲೇ ಓದಿ ಮುಗಿಸಿದಳು. ಮನೆಗೆ ಬಂದು ಮತ್ತೆ ಎರಡು ಸಲ ಓದಿದಳು. ಮೊದಲು ಕಳಿಸಿದ್ದು ಉಪ್ಪಿನಕಾಯಿ ಹಾಕುವ ಬಗೆಯ ಮೇಲೆ ಒಂದು ಲೇಖನ. ಅದು ಇಪ್ಪತ್ತು ದಿನಕ್ಕೆ ತಿರುಗಿ ಬಂತು. ಸ್ತ್ರೀಧರ್ಮದ ಮೇಲೆ ಬರೆದದ್ದು ಹದಿನೆಂಟು ದಿನಕ್ಕೆ ಬಂತು. ಮೂರನೆಯದು ತುಂಗಭದ್ರೆಯ ಮೇಲೆ ಒಂದು ಪದ್ಯ. ಅದರ ಜೊತೆ ಸಂಪಾದಕರು ತಮ್ಮ ಕೈಯಲ್ಲೇ ಬರೆದ ಒಂದು ಚೀಟಿಯಿತ್ತು.

“ತಾಯಿ, ನಿಮ್ಮ ಭಾಷೆ ಚೆನ್ನಾಗಿದೆ. ಆದರೆ ಉಪ್ಪಿನಕಾಯಿ, ಧರ್ಮ, ನದಿ ಇವು ನಮಗೆ ದಿನಕ್ಕೆ ಹತ್ತು ಬರುತ್ತವೆ. ನೀವಿರುವಲ್ಲಿಂದ ಮಾತ್ರ ಬರೆಯಬಹುದಾದದ್ದು ಏನಾದರೂ ಇದ್ದರೆ ತಿಳಿಸಿರಿ.”

ಅವಳು ಆ ಚೀಟಿಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಓಡಾಡಿದಳು. ನೀರು ಸೇದುವಾಗ, ಜೋಳ ಹಸನು ಮಾಡುವಾಗ ಅದೇ ಯೋಚನೆ. ತಾನಿರುವಲ್ಲಿ ಏನಿದೆ? ಬಿಸಿಲು, ಕರಿಮಣ್ಣು, ಹೊತ್ತಿಗೊಂದು ಬಸ್ಸು. ಮಧ್ಯಾಹ್ನ ಪಡಸಾಲೆಯಲ್ಲಿ ಕೂತರೆ ಗಾಳಿಯೂ ಅಲ್ಲಾಡದೆ ಊರೆಲ್ಲ ನಿದ್ದೆಯಲ್ಲಿ ತೇಲುತ್ತಿರುವ ಹಾಗೆ ಕಾಣುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಶಹಜಾದಿ ಬೇಗಂ ಬಂದಳು. ರಾಯಚೂರಿನವಳು, ವಯಸ್ಸು ಐವತ್ತರ ಮೇಲೆ. ಗಂಡ ತೀರಿಕೊಂಡ ಮೇಲೆ ಅವನ ಬಳೆಯ ಮಲಾರವನ್ನು ತಾನೇ ಹೆಗಲಿಗೆ ಹಾಕಿಕೊಂಡು, ಕಲ್ಮಲ, ಮಾನ್ವಿ, ದೇವದುರ್ಗ, ಅರಕೇರಾ ಎಂದು ಊರೂರು ತಿರುಗುತ್ತಿದ್ದಳು. ಹಿಂದೂ ಹೆಂಗಸರು ಅವಳನ್ನು ಬೂಬವ್ವ ಎನ್ನುತ್ತಿದ್ದರು. ಹೊರಗಿನ ಕಟ್ಟೆಯ ಮೇಲೆ ಕೂತು ಅಹಲ್ಯಾಬಾಯಿಯ ಕೈ ಹಿಡಿದು, ಬೆರಳುಗಳನ್ನು ಮೆಲ್ಲಗೆ ಒತ್ತಿ ಮಡಿಸಿ, ಹಸಿರು ಬಳೆ ಏರಿಸುತ್ತ ಅವಳು ಹೇಳಿದಳು.

“ಅರಕೇರಾದಾಗ ಒಬ್ಬಾಕಿಗೆ ಕನಸು ಬಿದ್ದದ ನೋಡ್ರಿ ಬಾಯಿಯವರ. ಜ್ವಾಳದ ಹೊಲ ಕೊಯ್ಯಾಕ ನಿಂತಾಳಂತ. ಒಂದೊಂದು ತೆನಿಯಾಗೂ ಒಂದೊಂದು ಸಣ್ಣ ದೀಪ ಉರಿಯಾಕತ್ತದ. ಕುಡುಗೋಲು ಹಾಕಾಕ ಕೈ ಬರವಲ್ದು. ಹಂಗ ನಿಂತ ನಿಂತಂಗ ಬೆಳಗಾಗಿಬಿಡ್ತಂತ. ಎದ್ದು ನೋಡಿದ್ರ ಎರಡೂ ಅಂಗೈ ಬೆಚ್ಚಗ ಇದ್ದುವಂತ.”

ಅಹಲ್ಯಾಬಾಯಿ ಬಳೆ ಏರುವ ನೋವನ್ನೂ ಮರೆತು ಕೇಳಿದಳು. ಇಂಥವು ನಿನಗೆ ಯಾರು ಹೇಳುತ್ತಾರೆ ಎಂದಾಗ ಬೇಗಂ, ಎಲ್ಲರೂ ಹೇಳುತ್ತಾರೆ ಎಂದಳು. ಬಳೆ ಇಡುವಾಗ ಕೈ ಇನ್ನೊಬ್ಬರ ಕೈಯಲ್ಲಿ ಇರುತ್ತದೆ, ಎದ್ದು ಹೋಗುವ ಹಾಗಿಲ್ಲ, ಕಣ್ಣಿಗೆ ಕಣ್ಣು ಕೊಟ್ಟು ನೋಡಬೇಕಾಗಿಯೂ ಇಲ್ಲ. ಆಗ ಹೆಂಗಸರ ಬಾಯಿಂದ ಮೊದಲು ಬರುವುದು ಮನೆಯ ಸುದ್ದಿ, ಅದು ಮುಗಿದ ಮೇಲೆ ಬರುವುದು ಕನಸು. ಒಂದು ಊರಿನ ಕನಸನ್ನು ಇನ್ನೊಂದು ಊರಿಗೆ ತಾನು ಹೇಳುತ್ತ ಹೋಗುತ್ತೇನೆ, ಹೆಸರು ಮಾತ್ರ ಹೇಳುವುದಿಲ್ಲ ಎಂದಳು.

ಬೇಗಂ ಎದ್ದು ಹೋದ ಮೇಲೆ ಅಹಲ್ಯಾಬಾಯಿ ಬಹಳ ಹೊತ್ತು ಕಟ್ಟೆಯ ಮೇಲೇ ಕೂತಿದ್ದಳು. ಆಮೇಲೆ ಒಳಗೆ ಹೋಗಿ ಟಾಕು, ದೌತಿ ತೆಗೆದು ಸಂಪಾದಕರಿಗೆ ಕಾಗದ ಬರೆದಳು. ಈ ಸಲ ಲೇಖನ ಬರೆದು ಕುರುಡಾಗಿ ಕಳಿಸಲಿಲ್ಲ. ತಾನು ಏನು ಬರೆಯಬಲ್ಲೆ, ಅದನ್ನು ಬೇರೆ ಯಾರೂ ಯಾಕೆ ಬರೆಯಲಾರರು ಎಂದು ಮೊದಲು ತಿಳಿಸಿದಳು. ರಾಯಚೂರು ಸೀಮೆಯ ಹೆಂಗಸರ ಕನಸುಗಳು, ತಿಂಗಳಿಗೊಂದು, ಪತ್ರಿಕೆಯ ಎರಡು ಪುಟ ಮೀರದಂತೆ, ಹೇಳಿದವರ ಊರು ಇರುತ್ತದೆ, ಹೆಸರು ಇರುವುದಿಲ್ಲ, ಒಂದೂ ಕಟ್ಟುಕತೆಯಲ್ಲ. ಮಾದರಿಗೆ ಅರಕೇರಾದ ದೀಪದ ಹೊಲವನ್ನು ಬರೆದು ಜೊತೆಗಿಟ್ಟಳು. ಕೊನೆಗೆ, ಪ್ರತಿ ಕನಸಿನ ಕೆಳಗೂ ‘ಹೇಳಿದವರು ಶಹಜಾದಿ ಬೇಗಂ, ಬರೆದವರು ಅಹಲ್ಯಾಬಾಯಿ’ ಎಂದು ಎರಡೂ ಹೆಸರು ಅಚ್ಚಾಗಬೇಕು, ಬರುವ ಸಂಭಾವನೆಯಲ್ಲಿ ಅರ್ಧ ಬೇಗಂ ಅವರದು ಎಂದು ಸೇರಿಸಿದಳು. ಮಾಸ್ತರರು ಅದನ್ನೆಲ್ಲ ತಮ್ಮ ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿಕೊಟ್ಟರು. ಶಾಲೆ ಬಿಟ್ಟ ಮೇಲೆ ಅವರ ಕೈಗೆ ಸಿಕ್ಕ ಮೊದಲ ಕೆಲಸ ಅದು.

ಉತ್ತರ ಹನ್ನೆರಡನೆಯ ದಿನಕ್ಕೆ ಬಂತು. ಎರಡು ಹೆಸರಿನ ಪದ್ಧತಿ ತಮ್ಮಲ್ಲಿ ಇಲ್ಲವೆಂದು ಸಂಪಾದಕರು ಮೊದಲು ಬರೆದಿದ್ದರು. ಮುಂದಿನ ಸಾಲಿನಲ್ಲೇ, ಆದರೂ ಆಗಲಿ, ಮೂರು ತಿಂಗಳು ಪ್ರಯೋಗಕ್ಕೆ ಹಾಕಿ ನೋಡೋಣ, ಪ್ರತಿ ತಿಂಗಳ ಹತ್ತನೆಯ ತಾರೀಖಿನೊಳಗೆ ಬರಹ ಕೈಸೇರಬೇಕು ಎಂದಿದ್ದರು.

ದೀಪದ ಹೊಲ ಅಚ್ಚಾಯಿತು. ಇಂಗ್ರೇಜಿ ಸೀಮೆಯ ಕಲ್ದಾರ್ ರೂಪಾಯಿಯ ಮನಿಆರ್ಡರು ರಾಯಚೂರಿನ ಅಂಚೆಗೆ ಬಂತು, ತರಲು ಇಬ್ಬರೂ ಹೋದರು. ಹೆಚ್ಚೇನಲ್ಲ, ಆದರೆ ಆ ದಿನ ಮಾಸ್ತರರು ಅಂಚೆ ಕಚೇರಿಯ ಮೆಟ್ಟಿಲಿಳಿಯುವಾಗ ಹೆಂಡತಿಯ ಹಿಂದೆ ಎರಡು ಹೆಜ್ಜೆ ಉಳಿದು, ಅವಳನ್ನು ಮುಂದೆ ಬಿಟ್ಟು ನಡೆದರು. ಬೇಗಂ ತನ್ನ ಪಾಲು ತೆಗೆದುಕೊಂಡು, ಪತ್ರಿಕೆಯಲ್ಲಿ ತನ್ನ ಹೆಸರು ಎಲ್ಲಿದೆ ಎಂದು ಕೇಳಿ ತಿಳಿದುಕೊಂಡಳು. ಕನ್ನಡ ಓದಲು ಬಾರದ ಅವಳು ಆ ಪುಟವನ್ನು ಮಡಿಸಿ ಮಲಾರದ ಬಟ್ಟೆಯೊಳಗೆ ಇಟ್ಟುಕೊಂಡಳು. ಮುಂದೆ ಹೋದ ಊರುಗಳಲ್ಲೆಲ್ಲ ಓದಬಲ್ಲವರ ಕೈಗೆ ಕೊಟ್ಟು ಓದಿಸಿದಳಂತೆ.

ಎರಡನೆಯ ಕನಸು ರಾಯಚೂರಿನ ಒಬ್ಬ ಹೊಸ ಮದುವಣಗಿತ್ತಿಯದು. ಕೋಟೆಯ ಗೋಡೆಯಲ್ಲಿ ದೊಡ್ಡ ಬಂಡೆಯನ್ನು ಎಳೆಯುತ್ತಿರುವ ಕೋಣಗಳ ಚಿತ್ರ ಕೆತ್ತಿದ್ದಾರಲ್ಲ, ಆ ಕೋಣಗಳು ಬಂಡೆಯನ್ನು ದಾರಿಯಲ್ಲೇ ಬಿಟ್ಟು ಮಾವಿನಕೆರೆಗೆ ನೀರು ಕುಡಿಯಲು ಬಂದಿದ್ದವು. ದಂಡೆಯಲ್ಲಿ ಕೂತಿದ್ದ ಅವಳು, ಇಷ್ಟು ನೂರು ವರ್ಷ ಎಳೆದಿದ್ದೀರಿ, ಒಂದು ದಿನ ಮಲಗಿ ಎಂದಳು. ಅವು ಮಲಗಿದವು. ಬೆಳಿಗ್ಗೆ ಅವಳು ಕನಸಿನಿಂದ ಎದ್ದವಳೇ ಕೋಟೆಗೆ ಹೋಗಿ ನೋಡಿದಾಗ ಕೋಣಗಳು ಗೋಡೆಯಲ್ಲೇ ಇದ್ದವು, ಒಂದರ ಮೂಗು ಮಾತ್ರ ಒದ್ದೆಯಾಗಿತ್ತು. ಆ ಕನಸು ಬಹಳ ಜನಕ್ಕೆ ಹಿಡಿಸಿತು ಎಂದು ಸಂಪಾದಕರು ಬರೆದರು.

ಮೂರನೆಯ ತಿಂಗಳು ಬೇಗಂ ಬರಲಿಲ್ಲ. ಮಗಳ ಬಾಣಂತನವೆಂದು ರಾಯಚೂರಿನಲ್ಲೇ ಉಳಿದಿದ್ದಾಳೆಂದು ಆಮೇಲೆ ತಿಳಿಯಿತು. ತಾರೀಖು ಮೂರಾಯಿತು, ನಾಲ್ಕಾಯಿತು. ಅಹಲ್ಯಾಬಾಯಿ ಓಣಿಯ ಹೆಂಗಸರನ್ನು ಮಾತಿಗೆ ಎಳೆದು ನೋಡಿದಳು. ಅವರ ಕೈಗೆ ಇಡಲು ಅವಳ ಹತ್ತಿರ ಬಳೆಯಿರಲಿಲ್ಲ, ಅವರ ಬಾಯಿಂದ ಕನಸು ಬರಲಿಲ್ಲ. ಈ ಒಂದು ತಪ್ಪಿದರೆ ಮುಂದಿನದೂ ತಪ್ಪುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಐದನೆಯ ತಾರೀಖು ಮಧ್ಯಾಹ್ನ ಕೂತು ಅವಳು ತನ್ನದೇ ಕನಸನ್ನು ಬರೆದಳು. ಚಳಿಗಾಲದಿಂದ ಈಚೆಗೆ ಅದು ಅವಳಿಗೆ ನಾಲ್ಕು ಸಲ ಬಿದ್ದಿತ್ತು. ಯಾರಿಗೂ ಹೇಳಿರಲಿಲ್ಲ.

ಒಂದು ಬಾವಿ. ಅದರ ತಳದಿಂದ ಗಂಡನ ಧ್ವನಿ ಕೇಳಿಸುತ್ತದೆ. ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ ಒಂದೊಂದೇ ಹೆಸರು ಕೂಗುತ್ತಾನೆ. ಹೆಸರು ಕೂಗಿದಂತೆಲ್ಲ ನೀರು ಒಂದೊಂದು ಮೆಟ್ಟಿಲು ಮೇಲೆ ಬರುತ್ತದೆ. ಅವಳು ಬಾವಿಯ ಕಟ್ಟೆ ಹಿಡಿದು ತನ್ನ ಹೆಸರಿಗಾಗಿ ಕಾಯುತ್ತಾಳೆ. ಹಾಜರಿ ಮುಗಿಯುತ್ತದೆ. ಅವಳ ಹೆಸರು ಬರುವುದಿಲ್ಲ.

ಮೇಲೆ ‘ದೇವದುರ್ಗದ ಒಬ್ಬ ಹೆಣ್ಣುಮಗಳ ಕನಸು’ ಎಂದು ಹಾಕಿದಳು. ಕರಡನ್ನು ಗಂಡನ ಮುಂದೆ ಇಟ್ಟು, ಬೇಗಂ ಹಿಂದೊಮ್ಮೆ ಹೇಳಿದ್ದು ಎಂದಳು. ಸುಳ್ಳು ಹೇಳುವಾಗ ಅವರ ಮುಖ ನೋಡಲಿಲ್ಲ. ಮಾಸ್ತರರು ಓದಿದರು. ಆಮೇಲೆ ಟಾಕು ತೆಗೆದುಕೊಂಡು ನಕಲು ಮಾಡತೊಡಗಿದರು. ಅವಳು ಒಳಗೆ ಹೋಗಿ ಕಾರಣವಿಲ್ಲದೆ ಪಾತ್ರೆಗಳನ್ನು ಕೆಳಗಿಳಿಸಿ ಮತ್ತೆ ಮೇಲಿಟ್ಟಳು.

ಸಂಜೆ ಲಕೋಟೆಗೆ ಹಾಕುವ ಮುಂಚೆ ನಕಲನ್ನು ಓದಿ ನೋಡಿದಾಗ ಕೊನೆಯಲ್ಲಿ ಅವಳು ಬರೆಯದ ಒಂದು ಸಾಲು ಇತ್ತು.

“ಹಾಜರಿ ಮುಗಿಯಿತು ಎಂದುಕೊಂಡು ಅವಳು ತಿರುಗಿ ಹೊರಟಾಗ, ಎಲ್ಲರ ಕೊನೆಗೆ, ಅವಳ ಹೆಸರನ್ನು ಅವನು ಕೂಗಿದ.”

ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದು ಆ ಕಾಲದ ಅಂಥ ಮನೆಗಳಲ್ಲಿ ಇರಲಿಲ್ಲ. ಧ್ವನಿ ಇದ್ದ ಕಾಲದಲ್ಲೂ ಮಾಸ್ತರರು ಒಮ್ಮೆಯೂ ಅವಳನ್ನು ಅಹಲ್ಯಾ ಎಂದಿರಲಿಲ್ಲ. ಅವಳು ಕಾಗದ ಹಿಡಿದುಕೊಂಡು ಪಡಸಾಲೆಗೆ ಬಂದಳು. ಅವರು ಅಂಗಳದಲ್ಲಿ ತುಳಸಿಗೆ ನೀರು ಹಾಕುತ್ತಿದ್ದರು. ತಿರುಗಿ ನೋಡಲಿಲ್ಲ. ಆ ಸಾಲು ಹಾಗೆಯೇ ಧಾರವಾಡಕ್ಕೆ ಹೋಯಿತು.

ಅಚ್ಚಾಗಿ ಬಂದ ಮೇಲೆ ಹದಿನೈದು ದಿನಕ್ಕೆ ಶಹಜಾದಿ ಬೇಗಂ ಬಂದಳು. ಮಲಾರ ಬಿಚ್ಚಲಿಲ್ಲ, ಕಟ್ಟೆಯ ಮೇಲೆ ಕೂಡಲೂ ಇಲ್ಲ. ದೇವದುರ್ಗದಲ್ಲಿ ವಿಜಯಾಬಾಯಿ ಎನ್ನುವವರು ತನ್ನನ್ನು ನಡುಬೀದಿಯಲ್ಲಿ ನಿಲ್ಲಿಸಿ, ನನ್ನ ಕನಸನ್ನು ಯಾರಿಗೂ ಹೇಳಿಲ್ಲ, ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು ಎಂದಳು. ಅವರ ಗಂಡ ಯುದ್ಧದ ಕಾಲಕ್ಕೆ ರೈಲ್ವೆ ಗುಮಾಸ್ತನಾಗಿ ಇರಾಕಿನ ಬಸ್ರಾಕ್ಕೆ ಹೋದವರು, ಎರಡು ವರ್ಷದಿಂದ ಕಾಗದವಿಲ್ಲ.

“ಮೂವತ್ತು ವರ್ಷ ಆತು ನಾ ಮನಿ ಮನಿ ತಿರುಗಾಕತ್ತು. ಯಾರ ಕನಸೂ ನಾ ಕದ್ದಿಲ್ಲ, ಯಾರ ಕನಸೂ ಹುಟ್ಟಿಸಿಲ್ಲ,” ಎಂದಳು ಬೇಗಂ. “ಇದು ನಾ ಹೇಳಿದ್ದಲ್ಲ ಬಾಯಿಯವರ. ನನ್ನ ಹೆಸರು ಯಾಕ ಹಾಕಿದ್ರಿ?”

ಅವಳ ಧ್ವನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಾಗಿತ್ತು. ಅಹಲ್ಯಾಬಾಯಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಬೇಗಂ ಕೇಳುತ್ತ ಕೇಳುತ್ತ ಕಟ್ಟೆಯ ಮೇಲೆ ಕೂತಳು. ಆದರೆ ತಪ್ಪು ತಪ್ಪೇ ಎಂದಳು. ದೇವದುರ್ಗಕ್ಕೆ ಹೋಗಿ ಆ ಹೆಣ್ಣುಮಗಳಿಗೆ ನಿಜ ಹೇಳಬೇಕು, ಇಲ್ಲದಿದ್ದರೆ ನಾಳೆ ಯಾರೂ ತನ್ನ ಕೈಗೆ ಕೈ ಕೊಡುವುದಿಲ್ಲ ಎಂದಳು.

ಮರುದಿನ ಬೆಳಿಗ್ಗೆ ಇಬ್ಬರೂ ಹೊರಟರು. ಸಿರವಾರದವರೆಗೆ ಬಸ್ಸು, ಅಲ್ಲಿಂದ ಮುಂದೆ ಅರಳೆ ಹೇರಿಕೊಂಡು ಬಂದು ಖಾಲಿ ತಿರುಗುತ್ತಿದ್ದ ಒಂದು ಗಾಡಿ. ಗಾಡಿಯ ತಳದಲ್ಲಿ ಇನ್ನೂ ಬಿಳಿ ಅರಳೆ ಅಂಟಿಕೊಂಡಿತ್ತು. ಎತ್ತಿನ ಗೆಜ್ಜೆಯ ಸದ್ದಿಗೆ ಬಿಸಿಲೇ ತೂಕಡಿಸುತ್ತಿರುವ ಹಾಗಿತ್ತು. ದೂರದ ಕಲ್ಲುಗುಡ್ಡಗಳು ಝಳದಲ್ಲಿ ಅಲುಗಿ, ನೆಲ ಬಿಟ್ಟು ಒಂದು ಗೇಣು ಮೇಲೆ ನಿಂತಂತೆ ಕಾಣುತ್ತಿದ್ದವು. ಅಹಲ್ಯಾಬಾಯಿಗೆ ತಾನು ಎಚ್ಚರವಾಗಿದ್ದೇನೋ ಇಲ್ಲವೋ ಎಂದು ಒಮ್ಮೊಮ್ಮೆ ಅನುಮಾನ ಬರುತ್ತಿತ್ತು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬರೆದಳು, ಅಳಿಸಿದಳು.

ವಿಜಯಾಬಾಯಿ ನಲವತ್ತು ದಾಟಿದ, ಮಾತು ಕಡಿಮೆಯಿದ್ದ ಹೆಂಗಸು. ಮಾವನವರು ದೇವಸ್ಥಾನದ ಪೂಜೆಯವರು. ಬಂದವರನ್ನು ಕೂಡಿಸಿ ನೀರು ಬೆಲ್ಲ ಕೊಟ್ಟಳು. ಅಹಲ್ಯಾಬಾಯಿ ನೀರನ್ನು ಮುಟ್ಟದೆ, ಅದು ನನ್ನ ಕನಸು, ನಿಮ್ಮ ಊರಿನ ಹೆಸರನ್ನು ಸುಮ್ಮನೆ ಹಾಕಿದೆ, ಬೂಬವ್ವನ ತಪ್ಪು ಏನೂ ಇಲ್ಲ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ವಿಜಯಾಬಾಯಿ ನೀರಿನ ಚೊಂಬನ್ನು ಅವಳ ಕಡೆಗೆ ಸರಿಸಿದಳು.

“ಇರ್ಲಿ ಬಿಡ್ರಿ. ಒಂದ ಬಾವ್ಯಾಗ ಇಬ್ರು ನೀರು ಸೇದಂಗಿಲ್ಲೇನು?” ಎಂದಳು. “ನನ್ನ ಕನಸಿನ್ಯಾಗೂ ಹೆಸರು ಕೂಗ್ತಾರ. ಆದ್ರ ಅಲ್ಲಿಗೆ ಮುಗಿಯೂದಿಲ್ಲ. ನಾ ಹಗ್ಗ ಬಿಡ್ತೀನಿ. ಯಾರೋ ಹಿಡ್ಕೊಂಡ್ರು ಅನಸ್ತದ. ಮ್ಯಾಲೆ ಏನೂ ಬರೂದಿಲ್ಲ, ಅಷ್ಟರಾಗ ಎಚ್ಚರ ಆಗ್ತದ. ಆದ್ರ ಹಗ್ಗ ಭಾರ ಇತ್ತು. ಅಷ್ಟ ಸಾಕು ನನಗ.”

ಇದನ್ನು ಬರೆಯಬಹುದೇ ಎಂದು ಅಹಲ್ಯಾಬಾಯಿ ಕೇಳಿದಳು. ಬರೆಯಿರಿ, ಊರಿನ ಹೆಸರೂ ಹಾಕಿರಿ, ಈಗ ಅದು ಸುಳ್ಳಲ್ಲ ಎಂದಳು ವಿಜಯಾಬಾಯಿ. ಬಸ್ರಾದ ಕಡೆ ಕನ್ನಡ ಪತ್ರಿಕೆ ಹೋಗುತ್ತದೆಯೋ ಎಂದು ಮಾತ್ರ ಕೇಳಿದಳು. ಗೊತ್ತಿಲ್ಲ, ಸಂಪಾದಕರನ್ನು ಕೇಳುತ್ತೇನೆ ಎಂದಳು ಅಹಲ್ಯಾಬಾಯಿ.

ಮನೆಗೆ ಬಂದು ಅವಳು ಸಂಪಾದಕರಿಗೆ ಎಲ್ಲವನ್ನೂ ಬರೆದಳು. ಮೂರನೆಯ ಕನಸು ಬೇಗಂ ಹೇಳಿದ್ದಲ್ಲ, ತನ್ನದು. ಒಂದೂ ಕಟ್ಟುಕತೆಯಲ್ಲ ಎಂದು ಕೊಟ್ಟ ಮಾತಿಗೆ ತಾನು ಊರು ಸುಳ್ಳು ಹೇಳಿ ಅಪಚಾರ ಮಾಡಿದ್ದೇನೆ. ಬೇಕಾದರೆ ಇಲ್ಲಿಗೆ ನಿಲ್ಲಿಸಬಹುದು. ಹಗ್ಗದ ಕನಸನ್ನೂ ಜೊತೆಗಿಟ್ಟು, ಪತ್ರಿಕೆಯನ್ನು ಬಸ್ರಾಕ್ಕೆ ಕಳಿಸುವ ದಾರಿ ಇದೆಯೇ ಎಂದು ಕೇಳಿದಳು. ಈ ಸಲ ಉತ್ತರ ತಡವಾಯಿತು. ಅವಳು ಆಸೆ ಬಿಟ್ಟು, ಲಗ್ನಪತ್ರಿಕೆಯ ಪದ್ಯಕ್ಕಾಗಿ ಹನುಮಂತ್ರಾಯರಿಗೆ ಒಂದು ಕಾರ್ಡು ಹಾಕಿದ್ದಳು.

ಕೊನೆಗೂ ಬಂದ ಕಾಗದ ಚಿಕ್ಕದು. ತಪ್ಪಿಗೆ ಒಂದು ತಿದ್ದುಪಡಿ ಅಚ್ಚು ಹಾಕುತ್ತೇವೆ, ಇನ್ನೊಮ್ಮೆ ಹೀಗಾಗಬಾರದು ಎಂದಿದ್ದರು. ಸೈನ್ಯದ ಅಂಚೆಯ ಮೂಲಕ ಎರಡು ಪ್ರತಿ ಕಳಿಸಿದ್ದೇವೆ, ಮುಟ್ಟುವ ಭರವಸೆ ಕೊಡಲಾರೆವು. ಕನಸುಗಳನ್ನು ಒಂದು ವರ್ಷ ಮುಂದುವರಿಸಿರಿ.

ಬಸ್ರಾದಿಂದ ಏನೂ ಬರಲಿಲ್ಲ. ವಿಜಯಾಬಾಯಿ ಮುಂದೆ ಎಂದೂ ಆ ಮಾತು ತೆಗೆಯಲಿಲ್ಲ. ಆದರೆ ದೇವದುರ್ಗದಲ್ಲಿ ಅವಳ ಮನೆಯ ಪಡಸಾಲೆಯಲ್ಲಿ ತಿಂಗಳಿಗೊಮ್ಮೆ ಏಳೆಂಟು ಹೆಂಗಸರು ಸೇರಿ ಪತ್ರಿಕೆ ಓದಿಸಿ ಕೇಳುತ್ತಾರೆಂದು ಬೇಗಂ ಸುದ್ದಿ ತಂದಳು. ಮಾಸ್ತರರ ಧ್ವನಿಯೂ ಬರಲಿಲ್ಲ. ಅವರ ಅಕ್ಷರ ನೋಡಿದ ಹನುಮಂತ್ರಾಯರು ಹಸ್ತಪ್ರತಿಗಳ ನಕಲು ಮಾಡುವ, ಕರಡಚ್ಚು ತಿದ್ದುವ ಕೆಲಸವನ್ನು ಮಾನ್ವಿಗೇ ಕಳಿಸತೊಡಗಿದರು. ಮನೆ ಹೇಗೋ ನಡೆಯಿತು. ಅಹಲ್ಯಾಬಾಯಿ ಮುಂಬಯಿಯ ಒಂದು ಪತ್ರಿಕೆಗೂ ಕಾಗದ ಬರೆದಳು, ಅಲ್ಲಿಂದ ಇಲ್ಲವೆಂದು ಬಂತು, ಇನ್ನೊಂದಕ್ಕೆ ಬರೆದಳು.

ಆ ವರ್ಷದ ಕೊನೆಗೆ ಒಂದು ದಿನ ಬೇಗಂ ಕಟ್ಟೆಯ ಮೇಲೆ ಕೂತಿದ್ದಾಗ ಮಾಸ್ತರರು ಒಳಗಿನಿಂದ ಬಂದು ಪಾಟಿಯ ಮೇಲೆ ಏನೋ ಬರೆದು ಹೆಂಡತಿಗೆ ತೋರಿಸಿದರು. ಅವಳು ಓದಿ ಹೇಳಿದಳು. ಬೂಬವ್ವನ ಕನಸು ಯಾವುದು ಎಂದು ಕೇಳುತ್ತಿದ್ದಾರೆ.

ಬೇಗಂಗೆ ಅಂಥ ಪ್ರಶ್ನೆಯನ್ನು ಯಾರೂ ಎಂದೂ ಕೇಳಿರಲಿಲ್ಲ. ಸ್ವಲ್ಪ ನಕ್ಕು, ನನಗೆ ಬೀಳುವುದಿಲ್ಲ, ದಿನವೆಲ್ಲ ನಡೆದು ಸತ್ತ ಹಾಗೆ ಮಲಗುತ್ತೇನೆ ಎಂದು ಹೇಳಿ ಎದ್ದು ಹೋದಳು. ಆದರೆ ಮುಂದಿನ ತಿಂಗಳು ಬಂದವಳು ಮಲಾರ ಇಳಿಸುವ ಮುಂಚೆಯೇ, ಬಿತ್ತು ಎಂದಳು.

“ನಾ ಯಾವುದೋ ಮನಿ ಕಟ್ಟಿ ಮ್ಯಾಲ ಕುಂತೀನಿ. ಯಾರೋ ಬಂದು ನನ್ನ ಕೈ ಹಿಡದು ಬಳಿ ಇಡಾಕತ್ತಾರ. ಮಾರಿ ಕಾಣವಲ್ದು. ಕೈ ಮಾತ್ರ ಮೆತ್ತಗ ಅದಾವ. ಅವಸರ ಇಲ್ಲ ಅವರಿಗೆ. ನಾ ಏನೇನೋ ಹೇಳಾಕತ್ತೀನಿ, ಅವರು ಹೂಂ ಹೂಂ ಅಂತಾರ.”

ಇದನ್ನು ಬರೆದುಕೊಳ್ಳುವುದಿಲ್ಲವೇ ಎಂದು ಬೇಗಂ ಕೇಳಿದಳು. ಅಹಲ್ಯಾಬಾಯಿ ಟಾಕನ್ನು ದೌತಿಯ ಪಕ್ಕಕ್ಕೆ ಇಟ್ಟು, ಅವಳ ಹತ್ತಿರ ಸರಿದು ಕೂತಳು. ಏನೇನು ಹೇಳಿದೆ ಬೂಬವ್ವ, ಅದನ್ನು ಹೇಳು ಎಂದಳು. ಬೇಗಂ ಹೇಳತೊಡಗಿದಳು. ಗಂಡನ ಸುದ್ದಿ, ಮೊದಲ ಸಲ ಮಲಾರ ಹೊತ್ತ ದಿನದ ಸುದ್ದಿ, ಕಲ್ಮಲದ ದಾರಿಯಲ್ಲಿ ಒಬ್ಬಳೇ ಕೂತು ಅತ್ತದ್ದು. ಬಿಸಿಲು ಕಟ್ಟೆಯಿಂದ ಇಳಿದು ಅಂಗಳಕ್ಕೆ ಹೋಗುವ ತನಕ ಹೇಳಿದಳು.

ಬೂಬವ್ವನ ಕನಸನ್ನು ಅಹಲ್ಯಾಬಾಯಿ ಬರೆಯಲಿಲ್ಲ; ಆ ತಿಂಗಳು ಧಾರವಾಡಕ್ಕೆ ಹೋದದ್ದು ಅವಳು ತಂದಿದ್ದ ಬೇರೊಂದು ಕನಸು, ಕಲ್ಮಲದ ಒಬ್ಬ ಅಜ್ಜಿಯದು.